ತಪ್ಪು ಮಾಹಿತಿ ಮತ್ತು ವೀಸಾ ರದ್ದತಿ: ಡಾಕ್ಟರ್ ಹನೀಫರ ಪ್ರಕರಣದ ವಿವೇಚನೆ

ವೀಸಾ ಎಂಬುದು ಒಂದು ರಾಜ್ಯವು ಪರದೇಶದ ಪ್ರಜೆಗೆ ತನ್ನ ಗಡಿಯೊಳಗೆ ಬರಲೂ, ಗೊತ್ತಾದ ಕಾಲದವರೆಗೆ ಗೊತ್ತಾದ ಉದ್ದೇಶಕ್ಕಾಗಿ ಅಲ್ಲಿ ನೆಲಸಲೂ ಕೊಡುವ ಅನುಮತಿ. ಈ ಅನುಮತಿಯು ಬಹುಮಟ್ಟಿಗೆ ಅರ್ಜಿದಾರನು ತನ್ನ ವಿಷಯವಾಗಿ ತಾನೇ ಬರೆದುಕೊಟ್ಟ ಮಾತುಗಳನ್ನು ಆಧರಿಸಿರುತ್ತದೆ. ದೂರದೇಶದ ಅಧಿಕಾರಿಗೆ ಅವನ ಊರು ತಿಳಿಯದು, ಮನೆತನ ತಿಳಿಯದು. ಅಧಿಕಾರಿಯ ಮುಂದಿರುವುದು ಕಾಗದ ಮಾತ್ರ. ಆದುದರಿಂದ ಆ ಕಾಗದದಲ್ಲಿ ಬರೆದುದು ಸತ್ಯವಾಗಿರಬೇಕೆಂದೂ, ಹಾಗಿಲ್ಲದಿದ್ದರೆ ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯಬಹುದೆಂದೂ ನಾನಾ ದೇಶಗಳ ಕಾನೂನುಗಳು ವಿಧಿಸಿವೆ. ಈ ನಿಯಮದ ಔಚಿತ್ಯವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಈ ವಿಷಯಕ್ಕೆ ಇನ್ನೊಂದು ಮುಖವೂ ಉಂಟು. ಅನುಮತಿಯನ್ನು ರದ್ದುಮಾಡುವ ಸರ್ಕಾರವೂ ಕಾಗದಗಳನ್ನೇ ನೆಚ್ಚಿ ನಿರ್ಧರಿಸುತ್ತದೆ. ಆ ಕಾಗದಗಳಲ್ಲಿಯೇ ತಪ್ಪು ಮಾಹಿತಿ ಸೇರಿಕೊಂಡಿದ್ದರೆ ಅದಕ್ಕೆ ಉತ್ತರ ಹೇಳಬೇಕಾದವರು ಯಾರು? ನಮ್ಮ ಮೂಡಿಗೆರೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವೈದ್ಯಶಿಕ್ಷಣವನ್ನು ಪಡೆದ ಡಾಕ್ಟರ್ ಮೊಹಮ್ಮದ್ ಹನೀಫರ ವೀಸಾವನ್ನು ಆಸ್ಟ್ರೇಲಿಯದ ಸರ್ಕಾರವು ೨೦೦೭ರಲ್ಲಿ ರದ್ದುಮಾಡಿದಾಗ ಈ ಪ್ರಶ್ನೆಯು ಆ ದೇಶದ ನ್ಯಾಯಾಲಯಗಳ ಮುಂದೆಯೂ ಜನತೆಯ ಮುಂದೆಯೂ ಸ್ಪಷ್ಟವಾಗಿ ನಿಂತಿತು.

ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರುಗಳಂತಹ ಸಣ್ಣ ಊರುಗಳಲ್ಲಿ ಓದಿದ ತರುಣರು ಕೂಡ ಇಂದು ಪರದೇಶದ ವಿದ್ಯಾಪೀಠಗಳನ್ನೂ ಉದ್ಯೋಗಗಳನ್ನೂ ಅರಸಿ ಹೊರಡುತ್ತಿರುವುದರಿಂದ, ಈ ಕಾನೂನಿನ ಸ್ವರೂಪವನ್ನು ಅಧ್ಯಾಪಕರೂ ವಿದ್ಯಾರ್ಥಿಗಳೂ ತಿಳಿದಿರುವುದು ಅಗತ್ಯ. ಪ್ರಕೃತ ಲೇಖನದಲ್ಲಿ ಮೊದಲು ಇದರ ಪೂರ್ವೇತಿಹಾಸವನ್ನೂ, ಅನಂತರ ‘ತಪ್ಪು ಮಾಹಿತಿ’ ಎಂಬುದಕ್ಕೆ ಕಾನೂನು ಕೊಡುವ ಅರ್ಥವನ್ನೂ, ಕಡೆಯಲ್ಲಿ ಹನೀಫರ ಪ್ರಕರಣವನ್ನೂ ಅದರಿಂದ ಹೊರಡುವ ತತ್ತ್ವವನ್ನೂ ವಿವರಿಸಲಾಗುವುದು.

೧. ರಹದಾರಿಯ ಪೂರ್ವೇತಿಹಾಸ

ಗಡಿ ದಾಟುವವರಿಂದ ಗುರುತಿನ ಪತ್ರವನ್ನು ಕೇಳುವ ಪದ್ಧತಿ ನಮ್ಮ ದೇಶಕ್ಕೆ ಹೊಸದಲ್ಲ. ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, ೧೯೦೯ರಲ್ಲಿ ಅವರಿಂದ ಪ್ರಕಟಿತವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಒಂದು ಮಾಷವನ್ನು ಪಡೆದು ಮುದ್ರೆಯನ್ನು ಕೊಡುವುದು ಆತನ ಕೆಲಸ. ಮುದ್ರೆಯುಳ್ಳವನು ಜನಪದವನ್ನು ಪ್ರವೇಶಿಸಬಹುದು, ಅದನ್ನು ಬಿಟ್ಟು ಹೋಗಲೂಬಹುದು. ಮುದ್ರೆಯಿಲ್ಲದ ಸ್ವದೇಶೀಯನಿಗೆ ಹನ್ನೆರಡು ಪಣಗಳ ದಂಡ. ಕೂಟಮುದ್ರೆಯನ್ನು, ಎಂದರೆ ನಕಲಿ ಮುದ್ರೆಯನ್ನು ಬಳಸಿದವನಿಗೆ ಅದಕ್ಕಿಂತ ಹೆಚ್ಚಿನದಾದ ಪೂರ್ವಸಾಹಸದಂಡ. ಪರದೇಶೀಯನಾದರೆ ದಂಡಗಳಲ್ಲಿ ಮೇಲಿನದಾದ ಉತ್ತಮಸಾಹಸದಂಡ. ಇಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಪತ್ರವಿಲ್ಲದಿರುವುದು ಬೇರೆ, ಸುಳ್ಳು ಪತ್ರವನ್ನು ಹಿಡಿದು ಬರುವುದು ಬೇರೆ ಎಂಬ ತಾರತಮ್ಯವನ್ನು ಶಾಸ್ತ್ರಕಾರನು ಮಾಡಿದ್ದಾನೆ. ಪರದೇಶೀಯನ ವಿಷಯದಲ್ಲಿ ರಾಜ್ಯದ ಕೈ ಬಿಗಿಯಾಗಿಯೇ ಇರುತ್ತದೆಂಬುದನ್ನೂ ಮುಚ್ಚಿಟ್ಟಿಲ್ಲ. ಇವೆರಡೂ ಇಂದಿಗೂ ಪ್ರಸ್ತುತವಾದ ವಿಷಯಗಳೇ.

ಈಗಿನ ರೀತಿಯ ರಹದಾರಿ ಮತ್ತು ವೀಸಾಗಳ ಕಟ್ಟುಪಾಡು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೇರೂರಿತು. ಯುದ್ಧಕಾಲದ ತಾತ್ಕಾಲಿಕ ಕ್ರಮವೆಂದು ಬಂದುದು ಯುದ್ಧ ಮುಗಿದ ಮೇಲೂ ಹೋಗಲಿಲ್ಲ. ೧೯೨೦ರಲ್ಲಿ ಪ್ಯಾರಿಸ್ಸಿನಲ್ಲಿ ನೆರೆದ ಸಮ್ಮೇಳನವು ರಹದಾರಿಯ ಆಕಾರವನ್ನು ಏಕರೂಪಗೊಳಿಸಲು ಯತ್ನಿಸಿತು. ಅದೇ ವರ್ಷ ಭಾರತದಲ್ಲಿ ಪ್ರವೇಶಕ್ಕೆ ರಹದಾರಿಯನ್ನು ಕಡ್ಡಾಯಮಾಡುವ ಶಾಸನವು ಜಾರಿಗೆ ಬಂದಿತು. ಸ್ವಾತಂತ್ರ್ಯಾನಂತರ, ರಹದಾರಿಯನ್ನು ಕೊಡುವುದೂ ಬಿಡುವುದೂ ಸರ್ಕಾರದ ಇಚ್ಛೆಗೆ ಸೇರಿದುದೆಂಬ ಭಾವನೆಯು ಕೆಲವು ಕಾಲ ಉಳಿದಿತ್ತು. ನಮ್ಮ ಮೈಸೂರು ಉಚ್ಚ ನ್ಯಾಯಾಲಯವನ್ನು ಒಳಗೊಂಡಂತೆ ಕೆಲವು ಉಚ್ಚ ನ್ಯಾಯಾಲಯಗಳು ಇದನ್ನು ಒಪ್ಪಲಿಲ್ಲ. ೧೯೬೭ರಲ್ಲಿ ಸತ್ವಂತ್ ಸಿಂಗ್ ಸಾಹ್ನಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿದೇಶಪ್ರಯಾಣದ ಹಕ್ಕು ಸಂವಿಧಾನದ ೨೧ನೆಯ ಅನುಚ್ಛೇದದಲ್ಲಿ ಹೇಳಿರುವ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಅಡಗಿದೆಯೆಂದು ತೀರ್ಪಿತ್ತಿತು. ಅದೇ ವರ್ಷ ರಹದಾರಿ ಶಾಸನವು ರಚಿತವಾಯಿತು. ೧೯೭೮ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಹದಾರಿಯನ್ನು ಕಸಿದುಕೊಳ್ಳುವ ಸರ್ಕಾರವು ಸಂಬಂಧಪಟ್ಟವರ ಮಾತನ್ನು ಕೇಳಲೇಬೇಕೆಂಬ ತತ್ತ್ವವನ್ನು ಸ್ಥಾಪಿಸಿತು.

ಇಲ್ಲಿ ರಹದಾರಿಗೂ ವೀಸಾಕ್ಕೂ ಇರುವ ಅಂತರವನ್ನು ಮನಸ್ಸಿನಲ್ಲಿಡಬೇಕು. ರಹದಾರಿಯನ್ನು ಕೊಡುವುದು ಸ್ವಂತ ದೇಶ. ಅದರ ಮೇಲೆ ಪ್ರಜೆಗೆ ಹಕ್ಕಿದೆ. ವೀಸಾವನ್ನು ಕೊಡುವುದು ಪರದೇಶ. ಅದು ಹಕ್ಕಿನಿಂದ ಬಂದುದಲ್ಲ, ಅನುಗ್ರಹದಿಂದ ಬಂದುದು. ನಮ್ಮ ಸಂವಿಧಾನದ ರಕ್ಷಣೆಯು ಅಲ್ಲಿಗೆ ಮುಟ್ಟುವುದಿಲ್ಲ. ವೀಸಾ ಪಡೆದವನಿಗೆ ಉಳಿಯುವ ಆಸರೆಯೆಂದರೆ ಆ ದೇಶವು ತನ್ನ ಮೇಲೆ ತಾನೇ ವಿಧಿಸಿಕೊಂಡಿರುವ ಕಾನೂನು ಮತ್ತು ಆ ಕಾನೂನನ್ನು ಸರ್ಕಾರಕ್ಕೂ ಅನ್ವಯಿಸಬಲ್ಲ ನ್ಯಾಯಾಲಯ.

ಆಸ್ಟ್ರೇಲಿಯದ ಇತಿಹಾಸವು ಈ ಮಾತಿಗೆ ಒಳ್ಳೆಯ ನಿದರ್ಶನ. ೧೯೦೧ರ ಶಾಸನದ ಮೂಲಕ ಆ ದೇಶವು, ಬರಬೇಡವೆನಿಸಿದವರಿಗೆ ಐವತ್ತು ಪದಗಳ ಉಕ್ತಲೇಖನವನ್ನು ಯಾವುದಾದರೂ ಯೂರೋಪಿಯನ್ ಭಾಷೆಯಲ್ಲಿ ಕೊಟ್ಟು, ತಪ್ಪಿದವರನ್ನು ಹೊರಗಿಡುವ ಉಪಾಯವನ್ನು ಹೂಡಿತ್ತು. ೧೯೩೪ರಲ್ಲಿ ಎಗಾನ್ ಕಿಶ್ ಎಂಬ ಬಹುಭಾಷಾ ಬಲ್ಲ ಲೇಖಕನನ್ನು ತಡೆಯಲು ಸ್ಕಾಟ್‌ಲೆಂಡಿನ ಗೇಲಿಕ್ ಭಾಷೆಯಲ್ಲಿ ಪರೀಕ್ಷೆ ಕೊಟ್ಟಾಗ, ಆ ದೇಶದ ಉಚ್ಚ ನ್ಯಾಯಾಲಯವೇ ಅದನ್ನು ಒಪ್ಪಲಿಲ್ಲ. ಈ ಪರೀಕ್ಷೆಯನ್ನು ತೆಗೆದುಹಾಕಿದುದು ೧೯೫೮ರ ವಲಸೆ ಶಾಸನ. ತಿದ್ದುಪಡಿಗಳಿಂದ ಬಹಳ ಬೆಳೆದಿರುವ ಆ ಶಾಸನವೇ ಇಂದಿಗೂ ಅಲ್ಲಿ ಜಾರಿಯಲ್ಲಿದೆ. ಹನೀಫರ ವೀಸಾವನ್ನು ರದ್ದುಮಾಡಿದುದೂ ಅದರ ಅಧಿಕಾರದಿಂದಲೇ.

೨. ‘ತಪ್ಪು ಮಾಹಿತಿ’ ಎಂದರೇನು?

ಸಾಮಾನ್ಯ ವ್ಯವಹಾರದಲ್ಲಿ ನಾವು ತಪ್ಪನ್ನೂ ಸುಳ್ಳನ್ನೂ ಬೇರೆಬೇರೆಯಾಗಿ ಎಣಿಸುತ್ತೇವೆ. ತಿಳಿಯದೆ ಹೇಳಿದುದು ತಪ್ಪು. ತಿಳಿದು ಹೇಳಿದುದು ಸುಳ್ಳು. ವಲಸೆಯ ಕಾನೂನು ಎಲ್ಲೆಡೆಯೂ ಈ ಭೇದವನ್ನು ಪಾಲಿಸುವುದಿಲ್ಲ.

ಆಸ್ಟ್ರೇಲಿಯದ ಶಾಸನದ ೧೦೧ನೆಯ ಕಲಮಿನಂತೆ, ಅರ್ಜಿಯ ಎಲ್ಲ ಪ್ರಶ್ನೆಗಳಿಗೂ ಉತ್ತರ ಬರೆದಿರಬೇಕು, ಯಾವ ಉತ್ತರವೂ ತಪ್ಪಾಗಿರಕೂಡದು. ಉತ್ತರವು ತಪ್ಪೆಂಬುದು ಬರೆದವನಿಗೆ ತಿಳಿಯದಿದ್ದರೂ ಅದು ತಪ್ಪೇ ಎಂದು ೧೦೦ನೆಯ ಕಲಮು ಹೇಳುತ್ತದೆ. ಅರ್ಜಿಯನ್ನು ಇನ್ನೊಬ್ಬರು ತುಂಬಿದ್ದರೂ, ತುಂಬಿಸಿದವನೇ ಅದನ್ನು ಬರೆದನೆಂದು ಭಾವಿಸಬೇಕೆಂಬುದು ೯೮ನೆಯ ಕಲಮಿನ ವಿಧಿ. ಅರ್ಜಿ ಕೊಟ್ಟ ಮೇಲೆ ಪರಿಸ್ಥಿತಿಯು ಬದಲಾಗಿ ಉತ್ತರವು ತಪ್ಪಾದರೆ ಅದನ್ನು ತಿಳಿಸುವುದೂ (೧೦೪), ಮೊದಲೇ ತಪ್ಪಾಗಿತ್ತೆಂದು ಗೊತ್ತಾದರೆ ಸರಿಯಾದುದನ್ನು ಬರೆದುಕೊಡುವುದೂ (೧೦೫) ಅರ್ಜಿದಾರನ ಕರ್ತವ್ಯ. ತಪ್ಪಿದಲ್ಲಿ ೧೦೭ನೆಯ ಕಲಮಿನಂತೆ ನೋಟೀಸು ಬರುತ್ತದೆ. ಅರ್ಜಿದಾರನ ಸಮಾಧಾನವನ್ನು ಪರಿಶೀಲಿಸಿದ ಮೇಲೆ ೧೦೯ನೆಯ ಕಲಮಿನಂತೆ ವೀಸಾವನ್ನು ರದ್ದುಮಾಡಬಹುದು. ಬುದ್ಧಿಪೂರ್ವಕವಾಗಿ ಮಾಡಿದುದಾಗಲಿ, ಅನವಧಾನದಿಂದ ಆದುದಾಗಲಿ, ಈ ಅಧಿಕಾರಕ್ಕೆ ಅಡ್ಡಿಯಿಲ್ಲವೆಂದು ೧೧೧ನೆಯ ಕಲಮು ಸ್ಪಷ್ಟಪಡಿಸಿದೆ.

ಇಷ್ಟು ಕಠಿಣವಾಗಿ ಕಾಣುವ ಈ ವ್ಯವಸ್ಥೆಯಲ್ಲಿ ನ್ಯಾಯಕ್ಕೆ ಎಡೆಯಿರುವುದು ಎರಡು ಕಡೆ. ಮೊದಲನೆಯದು ನೋಟೀಸು: ಆಪಾದನೆಯೇನೆಂದು ತಿಳಿಸಿ ಉತ್ತರಕ್ಕೆ ಅವಕಾಶ ಕೊಡುವುದು. ಎರಡನೆಯದು ವಿವೇಚನೆ: ‘ರದ್ದುಮಾಡಬಹುದು’ ಎಂದರೆ ‘ಮಾಡಲೇಬೇಕು’ ಎಂದಲ್ಲ. ಸರಿಯಾದ ಮಾಹಿತಿ ಯಾವುದು, ವೀಸಾ ದೊರೆತುದು ಆ ತಪ್ಪು ಉತ್ತರದ ಬಲದಿಂದಲೇ, ತಪ್ಪು ಯಾವ ಸನ್ನಿವೇಶದಲ್ಲಿ ಆಯಿತು, ಅನಂತರ ಎಷ್ಟು ಕಾಲ ಕಳೆದಿದೆ ಎಂಬ ಅಂಶಗಳನ್ನು ಅಧಿಕಾರಿಯು ತೂಗಿ ನೋಡಬೇಕೆಂದು ನಿಯಮಗಳಲ್ಲಿ ಹೇಳಿದೆ.

ಅನ್ಯದೇಶಗಳಲ್ಲಿ ಈ ಅಳತೆ ಸ್ವಲ್ಪ ಸ್ವಲ್ಪ ಭಿನ್ನವಾಗಿದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ಮುಖ್ಯವಾದ ಸಂಗತಿಯೊಂದನ್ನು ಬುದ್ಧಿಪೂರ್ವಕವಾಗಿ ಅನ್ಯಥಾ ಹೇಳಿದವನಿಗೆ ಪ್ರವೇಶವು ಶಾಶ್ವತವಾಗಿ ನಿಷಿದ್ಧ. ವಿನಾಯಿತಿಗೆ ಅವಕಾಶ ಕಡಮೆ. ಅಲ್ಲಿ ಉದ್ದೇಶಕ್ಕೂ ಸಂಗತಿಯ ಮಹತ್ತ್ವಕ್ಕೂ ಬೆಲೆಯಿದೆ, ದಂಡ ಮಾತ್ರ ಉಗ್ರವಾದುದು. ಕೆನಡಾದ ಶಾಸನದ ೪೦ನೆಯ ಕಲಮು, ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಮುಖ್ಯ ಸಂಗತಿಯನ್ನು ತಪ್ಪಾಗಿ ನಿರೂಪಿಸಿದವನನ್ನು ಐದು ವರ್ಷಗಳ ಕಾಲ ಹೊರಗಿಡುತ್ತದೆ. ‘ಪರೋಕ್ಷವಾಗಿ’ ಎಂಬ ಮಾತಿನಲ್ಲಿ ಮಧ್ಯವರ್ತಿಯ ಕೃತ್ಯವೂ ಅಡಗಿದೆ. ೨೦೨೩ರಲ್ಲಿ ಪಂಜಾಬಿನಿಂದ ಹೋಗಿದ್ದ ಅನೇಕ ವಿದ್ಯಾರ್ಥಿಗಳು, ಮಧ್ಯವರ್ತಿಯು ಕೊಟ್ಟ ಕಾಲೇಜು ಪ್ರವೇಶಪತ್ರಗಳು ನಕಲಿಯೆಂದು ವರ್ಷಗಳ ಮೇಲೆ ಬಯಲಾದಾಗ ಗಡೀಪಾರಿನ ಅಂಚಿಗೆ ಬಂದುದು ಇದೇ ಕಾರಣದಿಂದ. ಆ ವರ್ಷ ಜೂನ್ ತಿಂಗಳಲ್ಲಿ ಅಲ್ಲಿಯ ಮಂತ್ರಿಯು ಗಡೀಪಾರನ್ನು ತಡೆದು, ಮೋಸ ಮಾಡಿದವರನ್ನೂ ಮೋಸಹೋದವರನ್ನೂ ಬೇರ್ಪಡಿಸಲು ಒಂದೊಂದು ಪ್ರಕರಣವನ್ನೂ ಬಿಡಿಯಾಗಿ ಪರಿಶೀಲಿಸುವ ಏರ್ಪಾಡು ಮಾಡಬೇಕಾಯಿತು.

ನಮ್ಮ ದೇಶದ ಕಾನೂನಿನಲ್ಲಿಯೂ ಇದಕ್ಕೆ ಸಮಾನವಾದ ವಿಧಿಗಳಿವೆ. ೧೯೬೭ರ ರಹದಾರಿ ಶಾಸನದ ೧೦ನೆಯ ಕಲಮಿನಂತೆ, ಮುಖ್ಯ ಸಂಗತಿಯನ್ನು ಮರೆಮಾಚಿ ಅಥವಾ ತಪ್ಪು ಮಾಹಿತಿ ಕೊಟ್ಟು ಪಡೆದ ರಹದಾರಿಯನ್ನು ರದ್ದುಮಾಡಬಹುದು. ತಿಳಿದು ಸುಳ್ಳು ಹೇಳಿದವನಿಗೆ ೧೨ನೆಯ ಕಲಮು ಎರಡು ವರ್ಷಗಳವರೆಗೆ ಕಾರಾಗೃಹವಾಸವನ್ನು ವಿಧಿಸುತ್ತದೆ. ೧೯೫೫ರ ಪೌರತ್ವ ಶಾಸನದ ೧೦ನೆಯ ಕಲಮು, ವಂಚನೆಯಿಂದ ಪಡೆದ ಪೌರತ್ವವನ್ನು ಕಳೆಯುವ ಅಧಿಕಾರವನ್ನು ಕೊಟ್ಟಿದೆ.

೩. ನಮ್ಮ ದಾಖಲೆಗಳೂ ಪರದೇಶದ ನಮೂನೆಗಳೂ

ಈ ಕಾನೂನುಗಳನ್ನು ನಮ್ಮ ಕಡೆಯ ದಾಖಲೆಗಳಿಗೆ ಅನ್ವಯಿಸಿ ನೋಡಿದಾಗ ಒಂದು ವಿಶೇಷ ತೊಡಕು ಕಾಣುತ್ತದೆ. ಸತ್ಯವನ್ನೇ ಹೇಳುವವನ ಕಾಗದಗಳೂ ಪರಸ್ಪರ ಹೊಂದದೆ ಇರಬಹುದು. ಉದಾಹರಣೆಗಾಗಿ ಹೊನ್ನಾಳಿ–ನ್ಯಾಮತಿ ಸೀಮೆಯ ಗೋವಿನಕೋವಿಯಲ್ಲಿ ೧೯೯೦ರಲ್ಲಿ ಹುಟ್ಟಿದವರೊಬ್ಬರನ್ನು ಊಹಿಸಿಕೊಳ್ಳೋಣ. ಜನನದ ದಾಖಲೆಯಲ್ಲಿ ಅವರ ಜಿಲ್ಲೆ ಶಿವಮೊಗ್ಗ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯು ರಚಿತವಾಗಿ ಹೊನ್ನಾಳಿ ತಾಲ್ಲೂಕು ಅದಕ್ಕೆ ಸೇರಿದ ಮೇಲೆ, ಶಾಲೆಯ ದಾಖಲೆಗಳಲ್ಲಿ ಜಿಲ್ಲೆ ದಾವಣಗೆರೆ. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಬಳಿಕ, ಆ ಭಾಗದ ಗ್ರಾಮಗಳಿಗೆ ತಾಲ್ಲೂಕಿನ ಹೆಸರೂ ಬೇರೆಯಾಯಿತು. ಇಷ್ಟು ಸಾಲದೆಂಬಂತೆ, ಶಿವಮೊಗ್ಗ, ಬೆಂಗಳೂರು ಮೊದಲಾದ ಹೆಸರುಗಳ ಇಂಗ್ಲಿಷ್ ಅಕ್ಷರಸಂಯೋಜನೆಯೇ ೨೦೧೪ರ ನವೆಂಬರ್ ೧ರಿಂದ ಬದಲಾಗಿದೆ. ಊರು ಕದಲಲಿಲ್ಲ, ಕಾಗದಗಳು ಮಾತ್ರ ಬೇರೆಬೇರೆ ಮಾತನ್ನಾಡುತ್ತಿವೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ.

ಹೆಸರಿನ ವಿಷಯವೂ ಹೀಗೆಯೇ. ನಮ್ಮಲ್ಲಿ ಬಹುಜನರಿಗೆ ಯೂರೋಪಿನವರಂತೆ ಕುಲನಾಮವಿಲ್ಲ. ಹೆಸರಿನ ಹಿಂದಿನ ಮೊದಲಕ್ಷರವು ಗೋವಿನಕೋವಿಯನ್ನೂ, ಎರಡನೆಯದು ತಂದೆಯ ಹೆಸರನ್ನೂ ಸೂಚಿಸಬಹುದು. ಅಕ್ಷರಗಳನ್ನು ಬಿಡಿಸಿ ಬರೆಯೆಂದಾಗ ಒಂದು ದಾಖಲೆಯಲ್ಲಿ ಊರು ಕುಲನಾಮವಾಗುತ್ತದೆ, ಮತ್ತೊಂದರಲ್ಲಿ ತಂದೆ. ಮೂರನೆಯದರಲ್ಲಿ ಆ ಅಂಕಣವು ಬರಿದಾಗಿಯೇ ಉಳಿಯುತ್ತದೆ. ೨೦೨೨ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನಗಳು, ರಹದಾರಿಯಲ್ಲಿ ಒಂದೇ ಹೆಸರಿರುವ ಭಾರತೀಯ ಸಂದರ್ಶಕರಿಗೆ ಪ್ರವೇಶವಿಲ್ಲವೆಂದು ಪ್ರಕಟಿಸಿದಾಗ ಈ ತೊಡಕು ಅನೇಕರ ಅನುಭವಕ್ಕೆ ಬಂದಿತು. ಹುಟ್ಟಿದ ದಿನವನ್ನು ಕುರಿತೂ ಇದೇ ಮಾತು: ಜನನ ನೋಂದಣಿಗೆ ೧೯೬೯ರ ಶಾಸನವಿದ್ದರೂ, ಹಳ್ಳಿಗಳಲ್ಲಿ ಬಹುಕಾಲ ಶಾಲೆಗೆ ಸೇರಿಸುವ ದಿನ ಉಪಾಧ್ಯಾಯರು ಲೆಕ್ಕಹಾಕಿ ಬರೆದ ತಾರೀಖೇ ಜನ್ಮದಿನವಾಗಿ ನಿಲ್ಲುತ್ತಿತ್ತು.

ಚರಿತ್ರೆಯ ವಿದ್ಯಾರ್ಥಿಗೆ ಇದು ಪರಿಚಿತವಾದ ಸಮಸ್ಯೆ. ಎರಡು ಶಾಸನಗಳು ಒಂದೇ ಊರನ್ನು ಬೇರೆಬೇರೆ ನಾಡುಗಳಲ್ಲಿ ಹೇಳಿದರೆ, ಅವುಗಳಲ್ಲೊಂದು ಕೂಟಶಾಸನವೆಂದು ನಾವು ಒಡನೆಯೇ ತೀರ್ಮಾನಿಸುವುದಿಲ್ಲ. ಪ್ರತಿಯೊಂದೂ ಯಾವಾಗ, ಯಾರಿಂದ, ಯಾವ ಉದ್ದೇಶಕ್ಕಾಗಿ ಹುಟ್ಟಿತೆಂಬುದನ್ನು ವಿಚಾರಿಸುತ್ತೇವೆ. ವೀಸಾ ಅಧಿಕಾರಿಗೆ ಈ ವಿಚಾರಣೆಗೆ ಬಿಡುವಿರುವುದು ಅಪರೂಪ. ಆದುದರಿಂದ ವಿರೋಧವನ್ನು ಆತನು ಕಂಡುಹಿಡಿಯುವ ಮೊದಲೇ ಅರ್ಜಿದಾರನು ಅದನ್ನು ವಿವರಿಸಿ ಬರೆಯುವುದು ಕ್ಷೇಮಕರ.

೪. ಡಾಕ್ಟರ್ ಹನೀಫರ ಪ್ರಕರಣ

ಇನ್ನು ಸರ್ಕಾರದ ಕಡೆಯ ಕಾಗದಗಳನ್ನು ನೋಡೋಣ. ಹನೀಫರು ಬೆಂಗಳೂರಿನ ಡಾಕ್ಟರ್ ಬಿ. ಆರ್. ಅಂಬೇಡ್ಕರ್ ವೈದ್ಯಕೀಯ ಕಾಲೇಜಿನ ಪದವೀಧರರು. ಇಂಗ್ಲೆಂಡಿನಲ್ಲಿ ಕೆಲವು ಕಾಲ ಕೆಲಸಮಾಡಿ, ೨೦೦೬ರಲ್ಲಿ ತಾತ್ಕಾಲಿಕ ಉದ್ಯೋಗ ವೀಸಾದ ಮೇಲೆ ಆಸ್ಟ್ರೇಲಿಯಕ್ಕೆ ಹೋಗಿ, ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ವೈದ್ಯರಾದರು. ಇಂಗ್ಲೆಂಡನ್ನು ಬಿಡುವಾಗ, ತಾವು ಬಳಸುತ್ತಿದ್ದ ದೂರವಾಣಿಯ ಸಿಮ್ ಕಾರ್ಡನ್ನು ದೂರದ ಸೋದರಸಂಬಂಧಿಯಾದ ಸಬೀಲ್ ಅಹ್ಮದರಿಗೆ ಕೊಟ್ಟು ಹೋಗಿದ್ದರು.

೨೦೦೭ರ ಜೂನ್ ೩೦ರಂದು ಸ್ಕಾಟ್‌ಲೆಂಡಿನ ಗ್ಲಾಸ್ಗೋ ವಿಮಾನನಿಲ್ದಾಣಕ್ಕೆ ಉರಿಯುವ ಜೀಪೊಂದನ್ನು ನುಗ್ಗಿಸಿದವರಲ್ಲಿ ಸಬೀಲರ ಅಣ್ಣ ಕಫೀಲ್ ಅಹ್ಮದ್ ಒಬ್ಬನು. ಸಿಮ್ ಕಾರ್ಡಿನ ಜಾಡನ್ನು ಹಿಡಿದ ಪೊಲೀಸರು, ಜುಲೈ ೨ರಂದು ಬ್ರಿಸ್ಬೇನ್ ವಿಮಾನನಿಲ್ದಾಣದಲ್ಲಿ ಬೆಂಗಳೂರಿಗೆ ಹೊರಟಿದ್ದ ಹನೀಫರನ್ನು ಬಂಧಿಸಿದರು. ಕೆಲವೇ ದಿನಗಳ ಹಿಂದೆ ಅವರ ಪತ್ನಿಗೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾಗಿದ್ದಿತು. ಕೂಸನ್ನು ನೋಡಲು ಹೊರಟುದಾಗಿ ಅವರು ಹೇಳಿದರು. ಬಂಧನಕ್ಕೆ ಮುಂಚೆ, ಸಿಮ್ ಕಾರ್ಡಿನ ವಿಷಯವಾಗಿ ಇಂಗ್ಲೆಂಡಿನ ಪೊಲೀಸ್ ಅಧಿಕಾರಿಯೊಬ್ಬರಿಗೆ ದೂರವಾಣಿಯಲ್ಲಿ ಮಾತನಾಡಲು ಅವರು ನಾಲ್ಕು ಬಾರಿ ಯತ್ನಿಸಿದ್ದರು.

ಆಪಾದನೆಯನ್ನು ಹೊರಿಸದೆಯೇ ಹನ್ನೆರಡು ದಿನ ಅವರನ್ನು ಬಂಧನದಲ್ಲಿಟ್ಟು, ಜುಲೈ ೧೪ರಂದು, ಭಯೋತ್ಪಾದಕ ಸಂಘಕ್ಕೆ ವಿವೇಚನೆಯಿಲ್ಲದೆ ನೆರವಿತ್ತರೆಂಬ ಆಪಾದನೆಯನ್ನು ಹೊರಿಸಲಾಯಿತು. ಆ ಸಿಮ್ ಕಾರ್ಡು ಗ್ಲಾಸ್ಗೋದ ಜೀಪಿನಲ್ಲಿಯೇ ಸಿಕ್ಕಿತೆಂದು ಸರ್ಕಾರದ ವಕೀಲರು ನ್ಯಾಯಾಲಯದಲ್ಲಿ ಹೇಳಿದರು. ಜುಲೈ ೧೬ರಂದು ದಂಡಾಧಿಕಾರಿ ಜಾಕಿ ಪೇನ್ ಅವರು ಹನೀಫರಿಗೆ ಜಾಮೀನು ಕೊಟ್ಟರು. ಅದೇ ದಿನ ಮಧ್ಯಾಹ್ನ, ವಲಸೆ ಮಂತ್ರಿಗಳಾಗಿದ್ದ ಕೆವಿನ್ ಆಂಡ್ರೂಸರು ಶಾಸನದ ೫೦೧ನೆಯ ಕಲಮಿನಂತೆ ಅವರ ವೀಸಾವನ್ನು ರದ್ದುಮಾಡಿದರು. ಜಾಮೀನಿನ ಆಜ್ಞೆಯು ಇದರಿಂದ ಹೆಸರಿಗೆ ಮಾತ್ರ ಉಳಿಯಿತು. ಹೊರಬಂದರೆ ವಲಸೆಯ ಬಂಧನವು ಕಾದಿತ್ತು.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹನೀಫರು ತಮ್ಮ ಅರ್ಜಿಯಲ್ಲಿ ತಪ್ಪು ಮಾಹಿತಿ ಕೊಟ್ಟರೆಂದು ಮಂತ್ರಿಗಳು ಹೇಳಲಿಲ್ಲ. ಹಾಗೆ ಹೇಳಿದ್ದರೆ ೧೦೭ನೆಯ ಕಲಮಿನ ನೋಟೀಸನ್ನು ಕೊಡಬೇಕಾಗುತ್ತಿತ್ತು. ಅವರು ಹಿಡಿದುದು ಶೀಲಪರೀಕ್ಷೆಯ ದಾರಿಯನ್ನು. ಅಪರಾಧದಲ್ಲಿ ತೊಡಗಿರುವರೆಂದು ಶಂಕಿತರಾದವರೊಡನೆ ‘ಸಹವಾಸ’ವುಳ್ಳವನು ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ, ಮಂತ್ರಿಗೆ ಸಕಾರಣವಾದ ಸಂಶಯವಿದ್ದು, ರದ್ದತಿಯು ರಾಷ್ಟ್ರಹಿತವೆನಿಸಿದರೆ, ಆಪಾದಿತನ ಮಾತನ್ನು ಮೊದಲು ಕೇಳುವ ಅಗತ್ಯವೂ ಇಲ್ಲ. ಮಾತು ಕೇಳದೆ ತೀರ್ಮಾನಿಸುವಾಗ, ತೀರ್ಮಾನಕ್ಕೆ ಆಧಾರವಾದ ಕಾಗದವು ನಿರ್ದುಷ್ಟವಾಗಿರಬೇಕಾದ ಹೊಣೆ ಇಮ್ಮಡಿಯಾಗುತ್ತದೆ.

ಕಾಗದವು ನಿರ್ದುಷ್ಟವಾಗಿರಲಿಲ್ಲ. ಸಿಮ್ ಕಾರ್ಡು ಸಿಕ್ಕಿದ್ದುದು ಗ್ಲಾಸ್ಗೋದ ಜೀಪಿನಲ್ಲಲ್ಲ, ದೂರದ ಲಿವರ್‌ಪೂಲಿನಲ್ಲಿ, ಸಬೀಲರ ಬಳಿ ಎಂಬುದು ಜುಲೈ ೨೦ರಂದು ಆಸ್ಟ್ರೇಲಿಯದ ರೇಡಿಯೋ ವಾರ್ತೆಯಿಂದ ಹೊರಬಿತ್ತು. ಹಿಂದಿರುಗುವ ಟಿಕೆಟ್ಟು ಇಲ್ಲದ್ದಕ್ಕೆ ಹನೀಫರು ಕಾರಣವನ್ನೇ ಕೊಡಲಿಲ್ಲವೆಂದು ಪೊಲೀಸರ ಪ್ರಮಾಣಪತ್ರದಲ್ಲಿತ್ತು; ವಕೀಲ ಸ್ಟೀಫನ್ ಕೀಮರು ಪತ್ರಿಕೆಗೆ ಕೊಟ್ಟ ವಿಚಾರಣೆಯ ಬರಹದಲ್ಲಿ ಆ ಕಾರಣವು ವಿವರವಾಗಿಯೇ ಇತ್ತು. ಹನೀಫರು ಶಂಕಿತರೊಡನೆ ಒಂದೇ ಮನೆಯಲ್ಲಿ ವಾಸಿಸುತ್ತಿದ್ದರೆಂಬ ಮಾತೂ ನಿಲ್ಲಲಿಲ್ಲ. ಜುಲೈ ೨೭ರಂದು ಸರ್ಕಾರಿ ಅಭಿಯೋಜನೆಯ ನಿರ್ದೇಶಕರಾದ ಡೇಮಿಯನ್ ಬಗ್ ಅವರು ತಪ್ಪಾಗಿದೆಯೆಂದು ಒಪ್ಪಿಕೊಂಡು ಆಪಾದನೆಯನ್ನು ಹಿಂತೆಗೆದುಕೊಂಡರು. ಹನೀಫರು ಮರುದಿನ ಹೊರಟು ಜುಲೈ ೨೯ರಂದು ಬೆಂಗಳೂರನ್ನು ಸೇರಿದರು. ಆದರೂ ವೀಸಾದ ರದ್ದತಿಯನ್ನು ಮಂತ್ರಿಗಳು ಹಿಂತೆಗೆದುಕೊಳ್ಳಲಿಲ್ಲ.

೫. ‘ಸಹವಾಸ’ ಶಬ್ದದ ಅರ್ಥ

ಹನೀಫರು ರದ್ದತಿಯನ್ನು ಫೆಡರಲ್ ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದರು. ವೀಸಾದ ಮೊಕದ್ದಮೆಗಳಲ್ಲಿ ನ್ಯಾಯಾಲಯವು ಮಂತ್ರಿಯ ಸ್ಥಾನದಲ್ಲಿ ಕುಳಿತು ಹೊಸದಾಗಿ ತೀರ್ಮಾನಿಸುವುದಿಲ್ಲ. ಮಂತ್ರಿಯು ಕಾನೂನನ್ನು ಸರಿಯಾಗಿ ತಿಳಿದುಕೊಂಡು ನಡೆದರೇ ಎಂಬುದನ್ನಷ್ಟೇ ನೋಡುತ್ತದೆ. ಆ ಕಾರಣದಿಂದ ವಾದವೆಲ್ಲವೂ ಒಂದು ಶಬ್ದದ ಅರ್ಥದ ಮೇಲೆ ನಿಂತಿತು. ಶಂಕಿತನೊಡನೆ ಯಾವ ಬಗೆಯ ಸಂಪರ್ಕವಿದ್ದರೂ ಅದು ಸಹವಾಸವೇ ಎಂಬುದು ಸರ್ಕಾರದ ವಾದ. ಹಾಗಾದರೆ ಆಪಾದಿತರ ಪರವಾಗಿ ವಾದಿಸಿದ್ದ ತಾನೂ ಆ ಪರೀಕ್ಷೆಯಲ್ಲಿ ಅನುತ್ತೀರ್ಣನಾಗಬೇಕಾಗುವುದೆಂದು ನ್ಯಾಯಾಧಿಪತಿ ಜೆಫ್ರಿ ಸ್ಪೆಂಡರರು ವಿಚಾರಣೆಯ ಕಾಲದಲ್ಲಿ ಹೇಳಿದರು.

೨೦೦೭ರ ಆಗಸ್ಟ್ ೨೧ರಂದು ಅವರು ರದ್ದತಿಯನ್ನು ತಳ್ಳಿಹಾಕಿದರು. ಬಂಧುತ್ವ, ವೃತ್ತಿ, ನೆರೆಹೊರೆಗಳಿಂದ ಬಂದ ನಿರ್ದೋಷವಾದ ಸಂಪರ್ಕವನ್ನೂ ಸಹವಾಸವೆಂದು ಎಣಿಸಿದ ಮಂತ್ರಿಗಳು ತಪ್ಪು ಅಳತೆಗೋಲನ್ನು ಬಳಸಿದ್ದಾರೆಂಬುದು ತೀರ್ಪಿನ ಸಾರ. ಸರ್ಕಾರದ ಮೇಲ್ಮನವಿಯನ್ನು ಡಿಸೆಂಬರ್ ೨೧ರಂದು ಮೂವರು ನ್ಯಾಯಾಧಿಪತಿಗಳ ಪೀಠವು ವಜಾಮಾಡಿತು. ಶೀಲವನ್ನು ಪರೀಕ್ಷಿಸುವ ಕಾನೂನಿನಲ್ಲಿ ಸಹವಾಸವೆಂಬುದು ಆ ವ್ಯಕ್ತಿಯ ಶೀಲದ ಮೇಲೆ ಬೆಳಕು ಚೆಲ್ಲುವಂತಹುದಾಗಿರಬೇಕೆಂದು ಪೀಠವು ಹೇಳಿತು.

ಈ ಭೇದವು ಕನ್ನಡಿಗರಿಗೆ ಅಪರಿಚಿತವಾದುದಲ್ಲ. ‘ಸಹವಾಸದೋಷದಿಂದ ಸನ್ಯಾಸಿ ಕೆಟ್ಟ’ ಎಂಬ ಗಾದೆಯಲ್ಲಿ ದೋಷವನ್ನು ಹೇಳಿರುವುದು ಸಹವಾಸಕ್ಕೇ ಹೊರತು ನಂಟಸ್ತನಕ್ಕಲ್ಲ. ಸಹವಾಸವನ್ನು ನಾವು ಆರಿಸಿಕೊಳ್ಳುತ್ತೇವೆ, ನಂಟರನ್ನು ಆರಿಸಿಕೊಳ್ಳುವುದಿಲ್ಲ. ಒಂದನ್ನು ಇನ್ನೊಂದೆಂದು ತಿಳಿದುದೇ ಮಂತ್ರಿಗಳ ಆಜ್ಞೆಯ ದೋಷವಾಗಿದ್ದಿತು.

೨೦೦೭ರ ನವೆಂಬರಿನ ಚುನಾವಣೆಯಲ್ಲಿ ಅಧಿಕಾರಕ್ಕೆ ಬಂದ ಹೊಸ ಸರ್ಕಾರವು ವಿಷಯವನ್ನು ಮುಂದಕ್ಕೆ ಒಯ್ಯದೆ, ನಿವೃತ್ತ ನ್ಯಾಯಾಧಿಪತಿ ಜಾನ್ ಕ್ಲಾರ್ಕರಿಂದ ವಿಚಾರಣೆ ನಡೆಸಿತು. ೨೦೦೮ರ ಡಿಸೆಂಬರಿನಲ್ಲಿ ಪ್ರಕಟವಾದ ಅವರ ವರದಿಯು, ಆಪಾದನೆಗೆ ತಕ್ಕ ಸಾಕ್ಷ್ಯವೇ ಇರಲಿಲ್ಲವೆಂದೂ, ಹನೀಫರ ವಿರುದ್ಧ ತಮ್ಮಲ್ಲಿ ಮಾಹಿತಿಯಿಲ್ಲವೆಂದು ದೇಶದ ಗುಪ್ತಚರ ಸಂಸ್ಥೆಯು ರದ್ದತಿಗೆ ಮೊದಲೇ ತಿಳಿಸಿತ್ತೆಂದೂ ದಾಖಲೆಮಾಡಿತು. ಎಂದಮೇಲೆ, ಸರಿಯಾದ ಮಾಹಿತಿಯು ಸರ್ಕಾರದೊಳಗೇ ಇದ್ದಿತು. ಅದಕ್ಕೆ ಸಲ್ಲಬೇಕಾದ ಬೆಲೆ ಸಲ್ಲಲಿಲ್ಲ. ೨೦೧೦ರ ಡಿಸೆಂಬರಿನಲ್ಲಿ ಸರ್ಕಾರವು ಹನೀಫರಿಗೆ ಪರಿಹಾರಧನವನ್ನು ಕೊಟ್ಟು ರಾಜಿಮಾಡಿಕೊಂಡಿತು.

೬. ಮುಂದಿನ ಬೆಳವಣಿಗೆ

ನ್ಯಾಯಾಲಯದ ಜಯವು ಕಾನೂನಿನಲ್ಲಿ ಶಾಶ್ವತವಾಗಿ ನೆಲೆನಿಂತಿತೆಂದು ಭಾವಿಸಬಾರದು. ೨೦೧೪ರ ತಿದ್ದುಪಡಿಯು ಶೀಲಪರೀಕ್ಷೆಯ ಈ ಭಾಗವನ್ನು ಹೊಸದಾಗಿ ಬರೆದು, ಸಂಘದ ಸದಸ್ಯತ್ವ ಅಥವಾ ಸಹವಾಸದ ವಿಷಯದಲ್ಲಿ ಮಂತ್ರಿಯ ಸಕಾರಣ ಸಂಶಯವನ್ನೇ ಆಧಾರವನ್ನಾಗಿ ಮಾಡಿತು. ತಪ್ಪು ಮಾಹಿತಿಯ ಪ್ರಕರಣಗಳಲ್ಲಿಯೂ ಮಂತ್ರಿಯು ಸ್ವತಃ ರದ್ದುಮಾಡುವ ವಿಶೇಷಾಧಿಕಾರವು ಆಗಲೇ ಸೇರಿತು. ೨೦೨೨ರ ಜನವರಿಯಲ್ಲಿ ಟೆನಿಸ್ ಆಟಗಾರ ನೋವಾಕ್ ಜೋಕೊವಿಚರ ವೀಸಾ ಎರಡು ಬಾರಿ ರದ್ದಾದುದನ್ನು ಓದುಗರು ಬಲ್ಲರು. ಉತ್ತರಕ್ಕೆ ಸಾಕಷ್ಟು ಕಾಲ ಕೊಡದ ಕಾರಣ ಮೊದಲನೆಯ ರದ್ದತಿಯು ನಿಲ್ಲಲಿಲ್ಲ. ಮಂತ್ರಿಯು ವಿಶೇಷಾಧಿಕಾರದಿಂದ ಮಾಡಿದ ಎರಡನೆಯದು ನಿಂತಿತು. ಅವರ ಪ್ರಯಾಣದ ಘೋಷಣೆಯಲ್ಲಿ ತಪ್ಪು ಉತ್ತರವೊಂದಿದ್ದು, ಅದನ್ನು ಗುರುತು ಮಾಡಿದವರು ತಮ್ಮ ಸಹಾಯಕರೆಂದು ಅವರು ಹೇಳಿದರು. ಎರಡನೆಯ ರದ್ದತಿಗೆ ಕಾರಣ ಅದಲ್ಲವಾದರೂ, ಇನ್ನೊಬ್ಬರ ಕೈಯಿಂದ ತುಂಬಿಸಿದ ಅರ್ಜಿಯ ಅಪಾಯಕ್ಕೆ ದೊಡ್ಡವರೂ ಹೊರತಲ್ಲವೆಂಬುದು ಅದರಿಂದ ತಿಳಿಯಿತು.

ಇಂಗ್ಲೆಂಡಿನ ಅನುಭವವೂ ಇದಕ್ಕೆ ಪೋಷಕವಾಗಿದೆ. ಇಂಗ್ಲಿಷ್ ಭಾಷಾಪರೀಕ್ಷೆಯ ಕೆಲವು ಕೇಂದ್ರಗಳಲ್ಲಿ ನಡೆದ ಮೋಸವು ೨೦೧೪ರಲ್ಲಿ ಬಯಲಾದಾಗ, ಪರೀಕ್ಷೆ ನಡೆಸಿದ ಸಂಸ್ಥೆಯು ತಾನು ಪರಿಶೀಲಿಸಿದ ೫೮,೦೦೦ಕ್ಕೂ ಮೇಲ್ಪಟ್ಟ ಪರೀಕ್ಷೆಗಳಲ್ಲಿ ೯೭ ಪಾಲು ಸಂದೇಹಾಸ್ಪದವೆಂದು ಹೇಳಿತು. ಆ ಪಟ್ಟಿಯನ್ನು ನಂಬಿ ಸರ್ಕಾರವು ಅನೇಕ ಪರದೇಶೀಯ ವಿದ್ಯಾರ್ಥಿಗಳ ವೀಸಾಗಳನ್ನು ರದ್ದುಮಾಡಿತು. ಅನಂತರ ಮೇಲ್ಮನವಿಗಳಲ್ಲಿ ಸಾವಿರಾರು ಮಂದಿ ಗೆದ್ದರು. ಮೋಸವು ನಡೆದುದು ನಿಜ. ಪಟ್ಟಿಯಲ್ಲಿದ್ದವರೆಲ್ಲರೂ ಮೋಸಗಾರರೆಂಬುದು ನಿಜವಲ್ಲ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ತೋರುವ ತತ್ತ್ವ ಇದು: ಸತ್ಯವನ್ನು ಹೇಳುವ ಹೊಣೆಯು ಅರ್ಜಿದಾರನಿಗೆ ಎಷ್ಟಿದೆಯೋ, ಅರ್ಜಿದಾರನ ವಿರುದ್ಧ ಬಳಸುವ ಮಾತನ್ನು ಸತ್ಯವೆಂದು ಖಚಿತಪಡಿಸಿಕೊಳ್ಳುವ ಹೊಣೆಯು ಸರ್ಕಾರಕ್ಕೂ ಅಷ್ಟೇ ಇದೆ. ಮೊದಲನೆಯ ಹೊಣೆಯನ್ನು ಕಾನೂನು ಹತ್ತಾರು ಕಲಮುಗಳಲ್ಲಿ ವಿಧಿಸಿದೆ. ಎರಡನೆಯದನ್ನು ನೋಟೀಸು, ಕಾರಣ, ನ್ಯಾಯಾಲಯ ಎಂಬ ಮೂರರ ಮೂಲಕವೇ ಸಾಧಿಸಬೇಕಾಗಿದೆ; ಇವುಗಳಲ್ಲಿ ಒಂದನ್ನು ಕಡಮೆ ಮಾಡಿದಷ್ಟೂ ನಿರಪರಾಧಿಯು ಸಿಕ್ಕಿಬೀಳುವ ಸಂಭವ ಹೆಚ್ಚುತ್ತದೆ. ಹನೀಫರ ಪಾಲಿಗೆ ಉಳಿದಿದ್ದುದು ಮೂರನೆಯದು ಮಾತ್ರ. ಅದೂ ಫಲಿಸಿದುದು ಅವರು ಕೆಲಸವನ್ನೂ ಆ ದೇಶವನ್ನೂ ಬಿಟ್ಟು ಬಂದ ಮೇಲೆ. ನಮ್ಮ ದೇಶವೂ ೨೦೨೫ರ ವಲಸೆ ಮತ್ತು ವಿದೇಶೀಯರ ಶಾಸನದ ಮೂಲಕ ಪರದೇಶೀಯರ ಕಾನೂನನ್ನು ಹೊಸದಾಗಿ ರೂಪಿಸಿ, ಅದೇ ವರ್ಷ ಸೆಪ್ಟೆಂಬರ್ ೧ರಿಂದ ಜಾರಿಗೆ ತಂದಿರುವುದರಿಂದ, ಪರದೇಶದಲ್ಲಿ ನಮ್ಮವರಿಗೆ ನಾವು ಬಯಸುವ ನ್ಯಾಯವನ್ನೇ ಇಲ್ಲಿಗೆ ಬಂದವರಿಗೂ ಸಲ್ಲಿಸುವುದು ನಮ್ಮ ಕರ್ತವ್ಯವಾಗುತ್ತದೆ.

ಅರ್ಜಿಯನ್ನು ಬರೆಯುವ ವಿದ್ಯಾರ್ಥಿಗಳಿಗೂ, ಅವರಿಗೆ ಸಲಹೆ ಕೊಡುವ ಅಧ್ಯಾಪಕರಿಗೂ ಕೆಲವು ಮಾತುಗಳನ್ನು ಹೇಳುವುದು ಅಪ್ರಸ್ತುತವಾಗಲಾರದು. ಅರ್ಜಿಯನ್ನು ಮಧ್ಯವರ್ತಿಯ ಕೈಗೆ ಒಪ್ಪಿಸಿದರೂ, ಕಳುಹಿಸುವ ಮೊದಲು ಪ್ರತಿಯೊಂದು ಉತ್ತರವನ್ನೂ ತಾವೇ ಓದಬೇಕು. ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ಕಾಲೇಜಿನ ಪ್ರವೇಶಪತ್ರವು ಬಂದರೆ ಆ ಕಾಲೇಜಿಗೇ ನೇರವಾಗಿ ಬರೆದು ನಿಜವೆಂದು ತಿಳಿದುಕೊಳ್ಳಬೇಕು. ಊರು, ಜಿಲ್ಲೆ, ಹೆಸರು, ಜನ್ಮದಿನಗಳಲ್ಲಿ ದಾಖಲೆಗಳು ಹೊಂದದಿದ್ದರೆ, ಒಂದನ್ನು ಅಡಗಿಸಿ ಇನ್ನೊಂದನ್ನು ಮುಂದಿಡುವುದಕ್ಕಿಂತ, ಭೇದವು ಹುಟ್ಟಿದ ಕಾರಣವನ್ನು ಪ್ರತ್ಯೇಕ ಪತ್ರದಲ್ಲಿ ವಿವರಿಸುವುದು ಮೇಲು. ತಪ್ಪು ಉತ್ತರ ಹೋಗಿದೆಯೆಂದು ತಿಳಿದೊಡನೆ, ಕೇಳುವವರೆಗೂ ಕಾಯದೆ ಬರೆದು ತಿಳಿಸಬೇಕು. ನೋಟೀಸು ಬಂದರೆ, ಭಯದಿಂದ ಸುಮ್ಮನಿರದೆ, ಗೊತ್ತುಪಡಿಸಿದ ಅವಧಿಯೊಳಗೆ ಉತ್ತರ ಕೊಡಬೇಕು. ಮೌನವನ್ನು ಯಾವ ಅಧಿಕಾರಿಯೂ ಅರ್ಜಿದಾರನ ಪರವಾಗಿ ಅರ್ಥಮಾಡುವುದಿಲ್ಲ. ಕಡೆಯದಾಗಿ, ತಮ್ಮ ಪತ್ರವ್ಯವಹಾರವನ್ನೆಲ್ಲ ತಾರೀಖಿನ ಕ್ರಮದಲ್ಲಿ ಕಾದಿರಿಸಬೇಕು. ಹನೀಫರ ಮೇಲೆ ಹೊರಿಸಿದ ತಪ್ಪು ಮಾತುಗಳನ್ನು ಬಯಲಿಗೆ ತಂದುದರಲ್ಲಿ, ಅವರು ಆಡಿದ ಮಾತನ್ನು ಆಡಿದ ಹಾಗೆಯೇ ಬರೆದಿಟ್ಟಿದ್ದ ವಿಚಾರಣೆಯ ಬರಹದ ಪಾತ್ರ ದೊಡ್ಡದೆಂಬುದನ್ನು ನೆನೆಯಬಹುದು.